ಆರು ಜನದ ಕ್ಯಾರಿಯರ್

ಒಬ್ಬಂಟಿ ಗಂಡಸು ಜೀಪು ಕೊಳ್ಳಬಾರದೆಂದು ಕಾನೂನೇನೂ ಇಲ್ಲ. ಆದರೆ ಕೊಂಡವನು ಅದರ ನೆತ್ತಿಯ ಮೇಲೆ ಸಾಮಾನು ಕಟ್ಟುವ ಕ್ಯಾರಿಯರ್ ಹಾಕಿಸಲು ಹೊರಟರೆ, ಅಂಗಡಿಯವನು ಕೇಳುವ ಮೊದಲನೇ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಬೇಕು. ಚಾಮರಾಜಪೇಟೆಯ ವರದರಾಜ ಇಟ್ಟುಕೊಂಡಿರಲಿಲ್ಲ.

"ಎಷ್ಟು ಜನ ಹೋಗ್ತೀರಾ ಸಾರ್?" ಎಂದು ಜೆ.ಸಿ. ರಸ್ತೆಯ ಅಂಗಡಿಯ ಮುನಿರಾಮಪ್ಪ ಕೇಳಿದ.

ಗೋಡೆಗೆ ಎರಡು ಬಗೆ ಒರಗಿಸಿದ್ದ. ಒಂದು, ಬರೀ ಎರಡು ಅಡ್ಡ ಕಂಬಿ. ಜೀಪಿನ ಅಂಚಿಗೆ ಕ್ಲ್ಯಾಂಪ್ ಹಾಕಿ ಬಿಗಿದರೆ ಮುಗಿಯಿತು, ಒಬ್ಬಿಬ್ಬರ ಪೆಟ್ಟಿಗೆ ಹಾಸಿಗೆಗೆ ಧಾರಾಳ. ಇನ್ನೊಂದು ನೆತ್ತಿಯಷ್ಟಗಲದ್ದು, ಸುತ್ತ ಕಟಕಟೆ, ಹಿಂದೆ ಹತ್ತಲು ಏಣಿ. ದೊಡ್ಡದು ನೋಡಲು ಚೆಂದ, ಆದರೆ ಖಾಲಿ ಓಡಿಸಿದರೆ ಗಾಳಿಗೆ ಊಳಿಡುತ್ತದೆ, ಡೀಸೆಲ್ ಬೇರೆ ಜಾಸ್ತಿ ಕುಡಿಯುತ್ತದೆ ಎಂದು ಮುನಿರಾಮಪ್ಪ ಮುಚ್ಚುಮರೆಯಿಲ್ಲದೆ ಹೇಳಿದ.

ವರದರಾಜ, ಆರು ಜನ ಎಂದ. ದೊಡ್ಡದನ್ನೇ ಹಾಕುವುದೆಂದು ಮಾತಾಯಿತು, ಶುಕ್ರವಾರ ಬೆಳಿಗ್ಗೆ ಗಾಡಿ ತರಬೇಕು.

ಆರು ಜನ ಅನ್ನುವುದು ಪೂರಾ ಸುಳ್ಳಲ್ಲ. ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಒಂದೇ ಮೇಜಿಗೆ ಕೂತು ಊಟ ಮಾಡಿದವರು ಅವನೂ ಸೇರಿ ಆರೇ. "ಒಂದು ಫೋರ್ ವೀಲ್ ಜೀಪ್ ಇದ್ದಿದ್ರೆ ಕುದುರೆಮುಖ, ಬಿಳಿಗಿರಿ ಎಲ್ಲಾ ಸುತ್ತಬಹುದಿತ್ತು" ಎಂದು ಅವರಲ್ಲಿ ಯಾರಾದರೂ ವಾರಕ್ಕೊಮ್ಮೆ ಹೇಳುತ್ತಿದ್ದರು. ಉಳಿದವರಿಗೆ ಅದು ಮೊಸರನ್ನ ಅರಗಿಸಿಕೊಳ್ಳುವ ಮಾತು. ವರದರಾಜನಿಗೆ ಮಾತ್ರ ಅದು ಭಾಷೆ ಕೊಟ್ಟ ಹಾಗೆ ಕೇಳಿಸಿತ್ತು. ಎರಡು ಸಾವಿರದ ಒಂದರಲ್ಲಿ ವಿಆರ್‌ಎಸ್ ತೆಗೆದುಕೊಂಡವನೇ ಹಳೆಯ ಜೀಪೊಂದನ್ನು ಕೊಂಡುಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ.

ಅಮ್ಮನನ್ನು ನೋಡಿಕೊಳ್ಳುವುದರಲ್ಲಿ ಮದುವೆಯ ವಯಸ್ಸು ದಾಟಿತ್ತು. ಅಮ್ಮ ಹೋಗಿ ಎಂಟು ವರ್ಷ. ಅಂದಿನಿಂದ, ತಿಂಗಳ ಲೆಕ್ಕಕ್ಕೆ ಊಟ ಕಳಿಸುವ ಹಿಂದಿನ ಬೀದಿಯ ನಾರಾಯಣಮ್ಮನ ಮನೆಯಿಂದ ಎರಡು ಡಬ್ಬಿಯ ಕ್ಯಾರಿಯರ್ ಸೈಕಲ್ಲಿನ ಮೇಲೆ ಬಂದು ಅವನ ಬಾಗಿಲ ಕೊಂಡಿಗೆ ನೇತುಬೀಳುತ್ತಿತ್ತು. ತಾನೇ ಬಡಿಸಿಕೊಂಡು, ತಾನೇ ಉಂಡು, ಡಬ್ಬಿ ತೊಳೆದು ಮತ್ತೆ ಕೊಂಡಿಗೆ ಸಿಕ್ಕಿಸುತ್ತಿದ್ದ. ಊಟದ ರುಚಿಗೆ ಕೊರತೆಯಿರಲಿಲ್ಲ. ಉಪ್ಪು ಹೆಚ್ಚಾಯಿತು ಎಂದು ಹೇಳಲಾದರೂ ಎದುರಿಗೆ ಒಬ್ಬರು ಬೇಕಿತ್ತು, ಅಷ್ಟೇ.

ಗುರುವಾರ ಅವನು ನಾರಾಯಣಮ್ಮನಿಗೆ ಫೋನ್ ಮಾಡಿದ. ಖುಷಿ ಹಂಚಿಕೊಳ್ಳಲು ಬೇರೆ ಯಾರೂ ತೋಚಲಿಲ್ಲ.

"ನಾಳೆ ಊಟ ಒಂದೂವರೆಗೆ ಬರ್ಲಿ ನಾರಾಯಣಮ್ಮನೋರೇ. ದೊಡ್ಡ ಕ್ಯಾರಿಯರ್ ಹಾಕಿಸ್ತಿದೀನಿ. ಆರು ಜನಕ್ಕೆ ಆಗೋ ಅಂಥದ್ದು."

ಆಕೆ, ಬಹಳ ಸಂತೋಷವಾಯಿತು, ದೇವರು ಕಣ್ಣು ಬಿಟ್ಟ ಎಂದರು. ಜೀಪಿನ ಸುದ್ದಿಗೆ ಇಷ್ಟೊಂದು ಸಂತೋಷಪಡುವ ಜೀವವೂ ಇದೆಯಲ್ಲ ಎಂದು ವರದರಾಜನ ಎದೆ ತುಂಬಿತು.

ಆ ಸಂಜೆಯೇ ಬ್ಯಾಂಕಿನ ಗೆಳೆಯರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಜೀಪಿನಲ್ಲಿ ಸುತ್ತಲು ಹೊರಡೋಣವೆಂದ. ಒಬ್ಬನ ಮನೆಯಲ್ಲಿ ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರ. ಒಬ್ಬನಿಗೆ ಸೈಟಿನ ರಿಜಿಸ್ಟ್ರೇಷನ್. ಒಬ್ಬ ಜೀಪಿನಲ್ಲಿ ಕೂತರೆ ಬೆನ್ನು ಹಿಡಿಯುತ್ತದೆ ಎಂದ. ಮತ್ತೊಬ್ಬನಂತೂ ಯಾವ ಜೀಪು ಎಂದು ಕೇಳಿದ. ಉಳಿದವನು ಶ್ರೀನಿವಾಸಯ್ಯ, ಹನುಮಂತನಗರದವನು. ಅವನು ಸಿಕ್ಕಿದ್ದು ಶುಕ್ರವಾರ ಬೆಳಿಗ್ಗೆ, ಮುನಿರಾಮಪ್ಪನ ಅಂಗಡಿಯ ಫೋನಿನಲ್ಲಿ. ಮಂಡಿ ನೋವಪ್ಪಾ, ಮುಂದಿನ ಸಲ ಖಂಡಿತ ಎಂದು ಅವನೂ ಇಟ್ಟುಬಿಟ್ಟ.

ವರದರಾಜ ರಿಸೀವರ್ ಹಿಡಿದುಕೊಂಡೇ ನಿಂತಿದ್ದ. ಮುನಿರಾಮಪ್ಪ ಸ್ಪ್ಯಾನರ್ ಹಿಡಿದು ಕಾಯುತ್ತಿದ್ದ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ, ಒಳ್ಳೆಯ ಮನುಷ್ಯನಾದ್ದರಿಂದ ಕೇಳಿಸದವನಂತೆ ಇದ್ದ.

"ಎರಡು ಕಂಬಿನೇ ಹಾಕ್ಬಿಡ್ಲಾ ಸಾರ್?"

"ಬೇಡ. ದೊಡ್ಡದೇ ಹಾಕಿ."

ಎಷ್ಟಗಲದ ಕ್ಯಾರಿಯರ್ ಹಾಕಿದರೂ ನಾಚಿಕೆ ಮುಚ್ಚುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಜೀಪು ಟೌನ್‌ಹಾಲ್ ದಾಟಿ ಚಾಮರಾಜಪೇಟೆಯ ಕಡೆ ತಿರುಗುವಷ್ಟರಲ್ಲಿ ಮೇಲಿನ ಕಬ್ಬಿಣ ಗಾಳಿಗೆ ಸಣ್ಣಗೆ ಊಳಿಡತೊಡಗಿತು.

ಮನೆಯ ಗೇಟಿನಲ್ಲಿ ನಾರಾಯಣಮ್ಮನೇ ನಿಂತಿದ್ದರು. ರೇಷ್ಮೆ ಸೀರೆ, ಮುಡಿಯಲ್ಲಿ ಕನಕಾಂಬರ. ಒಂದು ಕೈಯಲ್ಲಿ ಐದು ಡಬ್ಬಿಯ ದೊಡ್ಡ ಊಟದ ಕ್ಯಾರಿಯರ್, ಇನ್ನೊಂದರಲ್ಲಿ ಒಬ್ಬಟ್ಟಿನ ಪಾತ್ರೆ, ಕಂಕುಳಲ್ಲಿ ಬಾಳೆಲೆಯ ಸುರುಳಿ. ಆರು ಜನಕ್ಕೆ ಸೈಕಲ್ಲಿನವನ ಕೈಯಲ್ಲಿ ಕಳಿಸುವುದೇ, ತಾನೇ ಬಂದು ಬಡಿಸುತ್ತೇನೆ ಎಂದು ಬಂದಿದ್ದರು.

"ಎಲ್ಲಿ, ನೆಂಟರು ಇನ್ನೂ ಬಂದಿಲ್ವಾ?"

ವರದರಾಜನಿಗೆ ಆಗ ಅರ್ಥವಾಯಿತು. ಆಕೆ ಹಿಗ್ಗಿದ್ದು ಜೀಪಿಗಲ್ಲ. ನಗಬೇಕೆನ್ನಿಸಿತು, ಆಗಲಿಲ್ಲ. ದಾರಿಯಲ್ಲಿದ್ದಾರೆ ಎಂದುಬಿಟ್ಟ. ಆಕೆ ನಡುಮನೆಯಲ್ಲಿ ಆರು ಎಲೆ ಹಾಕಿದರು, ನೀರು ಚಿಮುಕಿಸಿದರು. ಎರಡು ಗಂಟೆಯಾಯಿತು. ಎಲೆಗಳ ಮೇಲಿನ ನೀರು ಆರಿತು. ಆಕೆ ಬಾಗಿಲ ತನಕ ಹೋಗಿ ಬೀದಿ ನೋಡಿ ಬಂದರು. ಎರಡನೇ ಸಲ ಹೋದಾಗ ಜೀಪಿನ ನೆತ್ತಿಯ ಮೇಲೆ ಕಣ್ಣು ಬಿತ್ತು. ಕಟಕಟೆ, ಏಣಿ ಎಲ್ಲಾ ನೋಡಿ ಒಳಗೆ ಬಂದರು.

"ಕ್ಯಾರಿಯರ್ ಅಂದಿದ್ದು ಇದಕ್ಕಾ?" ಎಂದು ಮೆಲ್ಲಗೆ ಕೇಳಿದರು.

"ಹೂಂ. ಯಾರೂ ಬರಲ್ಲ ನಾರಾಯಣಮ್ಮನೋರೇ. ನಾನೊಬ್ಬನೇ."

ಎಂಟು ವರ್ಷದಲ್ಲಿ ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಆಕೆ ಸಮಾಧಾನ ಹೇಳಲಿಲ್ಲ, ಮಾಡಿದ್ದು ದಂಡವಾಯಿತೆಂದೂ ಅನ್ನಲಿಲ್ಲ. ಕೈಕಾಲು ತೊಳೆದು ಕೂತ್ಕೊಳ್ಳಿ, ಆರಿಹೋಗುತ್ತೆ ಎಂದರು, ಅಷ್ಟೇ. ಕೋಸಂಬರಿ, ಪಲ್ಯ, ಒಬ್ಬಟ್ಟು, ಅದರ ಮೇಲೆ ತುಪ್ಪ. ಅನ್ನ ಹಾಕಿ, ಸಾರು ಹಾಕಿ, ಎಲೆಯ ಮುಂದೆ ಬಗ್ಗಿ ಮತ್ತೆ ಅನ್ನ ಹಾಕಿದರು.

ಬಡಿಸುವವರ ಕೈ ನಿಲ್ಲುವುದು ಉಣ್ಣುವವರು ಸಾಕು ಎಂದಾಗ. ವರದರಾಜ ತಲೆ ತಗ್ಗಿಸಿಕೊಂಡು ಉಣ್ಣುತ್ತಲೇ ಇದ್ದ. ಹೊಟ್ಟೆ ಯಾವಾಗಲೋ ತುಂಬಿತ್ತು. ಸಾಕು ಎನ್ನಲು ಮಾತ್ರ ಅವನಿಂದ ಆಗಲಿಲ್ಲ.