ಅನಾನಸ್ ಗಾಡಿಯ ಪೆನ್‌ಡ್ರೈವ್

ಶಿವಪುತ್ರಪ್ಪನ ಗಾಡಿಗಿಂತ ಮೊದಲು ಅವನ ಹೆಂಡತಿಯ ದನಿ ಊರು ಮುಟ್ಟುತ್ತಿತ್ತು. "ಬನವಾಸಿ ಅನಾನಸ್ ಬಂದಾವ್ರೀ! ಬರ್ರಿ ಅಕ್ಕಾ, ಬರ್ರಿ ತಂಗೀ, ಕೊಯ್ದು ತಿಂದು ನೋಡಿ ಒಯ್ರಿ!" ಎಕ್ಕಂಬಿಯಿಂದ ಸಿದ್ದಾಪುರದ ತನಕ ಆ ಮೈಕಿನ ಕೂಗು ಕೇಳದ ಓಣಿ ಇರಲಿಲ್ಲ. ಕೂಗಿದ ಸಿದ್ದವ್ವ ಮಾತ್ರ ಇರಲಿಲ್ಲ. ಹೋದ ವರ್ಷ ಜ್ವರವೆಂದು ಮಲಗಿದವಳು ಏಳಲೇ ಇಲ್ಲ.

ಮನೆಯ ಅಂಗಳದಲ್ಲಿ ನಿಂತು ಮೊಬೈಲಿನಲ್ಲಿ ಹಿಡಿದ ದನಿ ಅದು. ಕೂಗಿ ಮುಗಿಸಿದವಳು ಗಂಡನ ಕಡೆ ತಿರುಗಿ, ನಗು ತಡೆಯಲಾರದೆ, "ಇನ್ನೊಮ್ಮೆ ಹೇಳ್ಲೇನ್ರಿ?" ಅಂದಿದ್ದಳು. ಅದೂ ರೆಕಾರ್ಡ್ ಆಗಿಬಿಟ್ಟಿತ್ತು. ಪೆನ್‌ಡ್ರೈವಿನಲ್ಲಿದ್ದದ್ದು ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುತ್ತದಲ್ಲ, ಹಾಗಾಗಿ ಪ್ರತಿ ಸಲ ಅವಳು ಕೇಳುವಳು, ಸ್ಟೇರಿಂಗ್ ಹಿಡಿದ ಇವನು "ಹೂಂ, ಹೇಳ" ಅನ್ನುವನು, ಅವಳು ಹೇಳುವಳು. ಹುಚ್ಚ ಅಂತ ಬೇಕಾದರೆ ನಗಿ. ಇಡೀ ದಿನದಲ್ಲಿ ಅವನನ್ನೇ ಉದ್ದೇಶಿಸಿ ಏನಾದರೂ ಕೇಳುವ ಜೀವ ಅದೊಂದೇ. ಉಳಿದವರೆಲ್ಲ ಕೇಳುವುದು ಹಣ್ಣಿನ ದರ.

ಆ ಮೊಬೈಲು ಎಂದೋ ವರದಾ ಹೊಳೆಯ ಪಾಲಾಗಿತ್ತು. ಇಂಥ ಪೆನ್‌ಡ್ರೈವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕೋ ಬೇಡವೋ? ಶಿರಸಿ ಸಂತೆಯಲ್ಲಿ ಪಕ್ಕದ ಬಳೆ ಗಾಡಿಯ ಸುಭಾಷ, "ಕೊಡೋ ಇಲ್ಲಿ, ನಾಕು ಹಾಡು ತುಂಬಿಸಿ ಕೊಡ್ತೀನಿ" ಅಂದ. ಈ ಭೋಳೆಶಂಕರ ಕೊಟ್ಟ! ಸುಭಾಷ ಅದನ್ನು ಯಾರ ಕಂಪ್ಯೂಟರಿಗೆ ಚುಚ್ಚಿದನೋ ದೇವರಿಗೇ ಗೊತ್ತು. ಮರುದಿನ ಸಿದ್ದಾಪುರದಲ್ಲಿ ಗಾಡಿಗೆ ಹಾಕಿದರೆ ಹಾಡೂ ಇಲ್ಲ, ಸಿದ್ದವ್ವನೂ ಇಲ್ಲ. ಶಿವಪುತ್ರಪ್ಪ ಅದನ್ನು ಕಿತ್ತುಕೊಂಡು ಓಡಿದ.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಕಿಶೋರನ ಮುಂದೆ ಹೋಗಿ ನಿಂತ. "ಇದರಾಗ ನನ್ನ ಹೆಂಡ್ತಿ ಕೂಗು ಐತ್ರಿ. ಅಕಿ ಇಲ್ರಿ ಈಗ. ಅದೊಂದು ಉಳಿಸ್ಕೊಡ್ರಿ, ಪುಣ್ಯಾ ಬರ್ತದ."

ಕಿಶೋರನ ಮನಸ್ಸು ಕರಗಿತು. "ವೈರಸ್ ಹೊಕ್ಕಿದೆ ಮಾರಾಯಾ. ಫೈಲು ಹೋಗಲಿಲ್ಲ, ಅಡಗಿಸಿ ಇಟ್ಟಿದೆ, ಅಷ್ಟೇ. ನೀ ಹೊರಗೆ ಕೂತಿರು."

ಶಿವಪುತ್ರಪ್ಪ ಗಾಡಿಯ ಬಳಿ ಕೂತ. ಗಿರಾಕಿಗಳು ಬಂದರೆ ಕೈಯಾಡಿಸಿ ಕಳಿಸಿದ. ಕೊನೆಗೂ ಒಳಗಿಂದ "ಬನವಾಸಿ ಅನಾನಸ್ ಬಂದಾವ್ರೀ" ಕೇಳಿಸಿದಾಗ ರಸ್ತೆಯಲ್ಲೇ ಅಳುಬಂತು. ಓಡಿಹೋಗಿ ಕಿಶೋರನ ಎರಡೂ ಕೈ ಹಿಡಿದುಕೊಂಡ.

"ಇನ್ಮೇಲೆ ಕಂಡವರಿಗೆಲ್ಲ ಕೊಡಬೇಡ" ಎಂದು ಕಿಶೋರ ಗದರಿಸಿದ. "ಪೆನ್‌ಡ್ರೈವ್ ಅಂದ್ರೆ ಹಲ್ಲುಜ್ಜೋ ಬ್ರಶ್ ಇದ್ದ ಹಾಗೆ. ನಿನ್ನದು ನಿನ್ನ ಬಾಯಿಗೆ ಮಾತ್ರ. ಇನ್ನೊಂದು ಪೆನ್‌ಡ್ರೈವಿಗೂ ಕಾಪಿ ಮಾಡಿದ್ದೇನೆ, ಅದನ್ನು ಮನೆಯಲ್ಲಿಡು. ವೈರಸ್ಸಿದ್ದ ಹಳೆಯದನ್ನೆಲ್ಲ ಬೇರು ಸಮೇತ ಅಳಿಸಿ, ಡ್ರೈವ್ ಪೂರಾ ತೊಳೆದು ಹಾಕಿಕೊಟ್ಟೆ. ನನ್ನ ಕಂಪ್ಯೂಟರಿನಲ್ಲೂ ಒಂದು ಚೂರು ಉಳಿಸಲಿಲ್ಲ."

ಹಣ ತೆಗೆದುಕೊಳ್ಳಲು ಅವನು ಒಪ್ಪಲಿಲ್ಲ. ಶಿವಪುತ್ರಪ್ಪ ಗಾಡಿಯಲ್ಲಿದ್ದ ಎಲ್ಲಕ್ಕಿಂತ ಚೆಂದದ ಹಣ್ಣನ್ನು ಆರಿಸಿ ಅವನ ಮೇಜಿನ ಮೇಲಿಟ್ಟ. ಅದನ್ನು ಮೂಸಿ ನೋಡಿ ಕಿಶೋರ ಸಂತೋಷದಿಂದ ಅಂದ: "ಹಾಂ, ಕೊನೆಗೆ ಮೈಕ್ ಬಂದ್ ಮಾಡುವಾಗಿನ ಮಾತೊಂದು ಉಳಿದಿತ್ತು ನೋಡು, ಅದನ್ನೂ ಎರಡರಿಂದಲೂ ಕತ್ತರಿಸಿದೆ. ಈಗ ಜಾಹೀರಾತು ರೇಡಿಯೋದಲ್ಲಿ ಬಂದ ಹಾಗಿದೆ!"

ಶಿವಪುತ್ರಪ್ಪ ಎರಡೂ ಪೆನ್‌ಡ್ರೈವ್ ಎತ್ತಿಕೊಂಡ. ಏನೆಂದು ಬೈಯುವುದು? ಉಪಕಾರ ಮಾಡಿದವನು! "ಚಲೋ ಆತ್ರಿ" ಎಂದು ಹೇಳಿ ಹೊರಬಂದ.

ಹೆಗ್ಗರಣೆ ರಸ್ತೆಗೆ ಗಾಡಿ ತಿರುಗಿಸಿದ. ಮೈಕಿನಲ್ಲಿ ಸಿದ್ದವ್ವ ಊರವರನ್ನೆಲ್ಲ ಕರೆದಳು. ಅಕ್ಕಂದಿರನ್ನು ಕರೆದಳು, ತಂಗಿಯರನ್ನು ಕರೆದಳು. ಮುಗಿಯುವ ಹೊತ್ತಿಗೆ ಅವನು ರೂಢಿಯಂತೆ ವೇಗ ತಗ್ಗಿಸಿ ಕಿವಿಗೊಟ್ಟ.

"ಹೂಂ, ಹೇಳ" ಅಂದ.

ಅಷ್ಟರಲ್ಲಿ ಅವಳು, ಅವನನ್ನು ಕೇಳದೆಯೇ, ಮತ್ತೆ ಶುರು ಮಾಡಿಬಿಟ್ಟಿದ್ದಳು.