ನೀರು ಏರುವ ಮೊದಲೇ ಪಂಪು

ಅಮ್ಮ ನರಳಿ ನರಳಿ ಸತ್ತ ವರ್ಷ ಒಡಿಲಿಯಾ ಅಪ್ಪನ ಕೈ ಹಿಡಿದು ಮಾತು ಕೊಟ್ಟಿದ್ದಳು: “ನಿನ್ನನ್ನ ಹೀಗೆ ನೋವಲ್ಲಿ ಬಿಡಲ್ಲಪ್ಪ.”

ಆಗ ಅಪ್ಪ ಬೆಲಾರ್ಮಿನೊ ಗಟ್ಟಿ ಆಳು. ನ್ಯೂ ಬೆಡ್‌ಫರ್ಡ್ ಬಂದರಿನ ಮೀನುದೋಣಿಯೊಂದರ ಇಂಜಿನ್ ಅವನ ಕೈಯಲ್ಲಿತ್ತು. ಈ ಬೇಸಿಗೆಯಲ್ಲಿ ಮೂಳೆಗೆ ಹಬ್ಬಿದ ಕ್ಯಾನ್ಸರ್ ಅವನನ್ನು ಅಡುಗೆಮನೆ ಪಕ್ಕದ ಮಂಚಕ್ಕೆ ಕೆಡವಿತು. ಕಿಟಕಿಯಾಚೆ ಬೀದಿ ತುಂಬ ಚುನಾವಣೆಯ ಫಲಕಗಳು. ಕೊನೆಗಾಲದ ರೋಗಿ ಕೇಳಿದರೆ ಸಾಯುವ ಮದ್ದನ್ನು ವೈದ್ಯರೇ ಬರೆದುಕೊಡುವ ಕಾನೂನು ಬೇಕೋ ಬೇಡವೋ ಎಂದು ಮ್ಯಾಸಚೂಸೆಟ್ಸ್ ರಾಜ್ಯದ ಜನ ನವೆಂಬರಿನಲ್ಲಿ ಮತ ಹಾಕಬೇಕು.

“ಬೇಕು ಅಂತ ಹಾಕು,” ಎಂದ ಅಪ್ಪ, ಹಲ್ಲು ಕಚ್ಚಿ. “ಮಾತು ಕೊಟ್ಟಿದ್ದೀಯ.”

“ಮರೆತಿಲ್ಲಪ್ಪ. ಹಾಕ್ತೀನಿ.”

ಅಷ್ಟರಲ್ಲಿ ನರ್ಸ್ ಫಿಲೊಮೆನಾ ಬಂದಳು. ಅದೇ ಬೀದಿಯವಳು; ಇಂಥ ರೋಗಿಗಳನ್ನು ಮನೆಗೇ ಬಂದು ನೋಡಿಕೊಳ್ಳುವುದು ಅವಳ ಕೆಲಸ. ಒಲೆಯ ಮೇಲಿದ್ದ ಕೇಲ್ ಸೊಪ್ಪಿನ ಸೂಪಿನ ಮುಚ್ಚಳ ತೆಗೆದು ಇಣುಕಿ, “ಸಾಸೇಜ್ ಎಲ್ಲೇ? ಜಿಪುಣಿ!” ಎಂದಳು. ಆಮೇಲೆ ಮಂಚದ ಪಕ್ಕದ ನೋವಿನ ಮಾತ್ರೆ ಡಬ್ಬಿ ಅಲ್ಲಾಡಿಸಿದಳು. ತುಂಬಿಯೇ ಇತ್ತು.

“ಮಾವ, ಇದೇನಿದು?”

“ಬಿರುಗಾಳಿಯಂಥ ನೋವು ಬಂದಾಗ ಅಂತ ಇಟ್ಟಿದೀನಿ. ಪಾಳೀಲಿರೋನು ಮಾತ್ರೆ ನುಂಗಿ ಮಂಪರಾಗಬಾರ್ದು. ಸಮುದ್ರದಲ್ಲಿ ಹಾಗೇ ಬದುಕಿದ್ದು ನಾನು.”

“ಹೌದಾ? ದೋಣಿ ತಳಕ್ಕೆ ನೀರು ಬಂದ್ರೆ ಪಂಪು ಯಾವಾಗ ಹಾಕ್ತಿದ್ರಿ? ಇಂಜಿನ್ ಮುಳುಗಿದ ಮೇಲಾ?”

“ಹುಚ್ಚಿ! ಆಮೇಲೆ ಹಾಕಿ ಏನು ಬಂತು? ಹೊತ್ತುಹೊತ್ತಿಗೆ ಹಾಕ್ತಾನೇ ಇರ್ಬೇಕು.”

“ಮಾತ್ರೇನೂ ಅಷ್ಟೇ. ನೋವು ಏರೋಕೆ ಮುಂಚೆ.”

ಒಡಿಲಿಯಾಗೆ ನಂಬಿಕೆ ಬರಲಿಲ್ಲ. “ಅಮ್ಮ ಎಷ್ಟು ನರಳಿದ್ಲು, ಮರೆತೆಯಾ?”

“ಆಗ ನೀವು ಯಾರನ್ನೂ ಕರೀಲಿಲ್ಲ, ಯಾರೂ ಬರ್ಲಿಲ್ಲ. ಈಗ ನಾನಿದೀನಿ. ಇದು ಸಾಲ್ದಿದ್ರೆ ಡಾಕ್ಟರ್ ಹತ್ರ ಮಾತಾಡಿ ಬೇರೆ ಮದ್ದು ತರ್ತೀನಿ. ಕೈಬಿಡೋ ಮಾತೇ ಇಲ್ಲ.”

ಒಂದು ಸಲ ಮದ್ದು ಬದಲಾಯಿಸಬೇಕಾಯಿತು. ಆಮೇಲೆ ನೋವು ಹಿಡಿತಕ್ಕೆ ಬಂತು. ಬೆಲಾರ್ಮಿನೊ ಎದ್ದು ಕೂತು ಸೂಪು ಕುಡಿದ. ಆದರೂ ಹಟ ಬಿಡಲಿಲ್ಲ. “ಬೇಕು ಅಂತಾನೇ ಹಾಕು.”

“ಈಗ ಏನಪ್ಪ ನಿಂದು?”

ಅವನು ಗೋಡೆ ಕಡೆ ತಿರುಗಿದ. “ನನಗೋಸ್ಕರ ನೀನು ಕೆಲಸ ಬಿಟ್ಟು ಕೂತಿದೀಯ. ಹೊರೆ ನಾನು.”

ಅವನನ್ನು ನೋಡಲು ಬಂದಿದ್ದ ಫಿಲೊಮೆನಾ ಕುರ್ಚಿ ಎಳೆದುಕೊಂಡು ಕೂತಳು. “ಮಾವ, ನಿಮ್ಮ ದೋಣೀಲಿ ಒಬ್ಬನ ಕೈ ಮುರಿದ್ರೆ?”

“ಬಂದರಿಗೆ ತಿರುಗಿಸ್ತಿದ್ವಿ. ಬಲೆ ಖಾಲಿ ಇದ್ರೂ ಸರಿ. ಬಂದಷ್ಟರಲ್ಲಿ ಅವನ ಪಾಲೂ ಕೊಡ್ತಿದ್ವಿ.”

“ಅವನು ‘ನಾನು ಹೊರೆ, ಸಮುದ್ರಕ್ಕೆ ಹಾರ್ತೀನಿ’ ಅಂದಿದ್ರೆ?”

“ಕಪಾಳಕ್ಕೆ ಎರಡು ಬಿಟ್ಟು ಕೂರಿಸ್ತಿದ್ದೆ.”

“ಅಂಥವನಿಗೆ ‘ನಿನ್ನಿಷ್ಟ, ಹಾರು’ ಅನ್ನೋ ಕಾನೂನಿಗೆ ನಿಮ್ಮ ಮಗಳು ಮತ ಹಾಕ್ಬೇಕಾ?”

ಮುದುಕ ಗೋಡೆ ಕಡೆಯಿಂದ ಇತ್ತ ಹೊರಳಿದ. ಮಗಳನ್ನು ನೋಡಿ, “ನೀನೇ ನನಗೆ ಬಿಡ್ಬೇಕಿತ್ತು ಎರಡು,” ಎಂದ.

“ಸೌಟು ಕೈಯಲ್ಲೇ ಇದೆ,” ಎಂದಳು ಒಡಿಲಿಯಾ, ಕಣ್ಣೊರೆಸಿಕೊಳ್ಳುತ್ತ. “ಬೇಡ ಅಂತಾನೇ ಹಾಕ್ತೀನಿ.”

ಉಳಿದ ವಾರಗಳಲ್ಲಿ ಅವನು ಒಡಿಲಿಯಾಳ ಅಮ್ಮನನ್ನು ಒಲಿಸಿಕೊಂಡ ಕಥೆಯನ್ನು ಮೊದಲ ಸಲ ಹೇಳಿದ. ಅರ್ಧ ಸುಳ್ಳು. ಇಬ್ಬರೂ ನಕ್ಕರು. ಅಕ್ಟೋಬರಿನ ಒಂದು ಬೆಳಗ್ಗೆ, ಮಗಳ ಕೈ ಹಿಡಿದುಕೊಂಡೇ ಹೋದ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಗೋಡೆ ಕಡೆ ತಿರುಗಿ ಮಲಗಿರಬಹುದು. ಸಾಯಬೇಕು ಎಂದರೆ ಏಕೆ ಎಂದು ಕೇಳಿ, ಪಕ್ಕದಲ್ಲಿ ಕೂತು ಕೇಳಿ. ನೋವಿದ್ದರೆ ಸಹಿಸಿಕೊಂಡು ಕೂರಬೇಡಿ, ಮನೆಗೆ ಬರುವ ನರ್ಸನ್ನು ಇಂದೇ ಕರೆಯಿರಿ. ‘ನಾನು ಹೊರೆ’ ಎಂದರೆ, ‘ಅಲ್ಲ’ ಎಂದು ಗಟ್ಟಿಯಾಗಿ ಹೇಳಿ. ಬರುವ ಮಂಗಳವಾರ ತಪ್ಪದೆ ಮತಗಟ್ಟೆಗೆ ಹೋಗಿ, ಈ ಕಾನೂನು ಬೇಡ ಎಂದು ಮತ ಹಾಕಿ. ನಮ್ಮ ರಾಜ್ಯ ಕಾಯಿಲೆಯವರಿಗಾಗಿ ದೋಣಿ ತಿರುಗಿಸಲಿ.

ಅಪ್ಪನನ್ನು ನೋವಿನಲ್ಲಿ ಬಿಡುವುದಿಲ್ಲ ಎಂದಿದ್ದಳು ಒಡಿಲಿಯಾ. ಬಿಡಲಿಲ್ಲ.