ನಾಲ್ಕು ಬೆರಳು ಹೆಚ್ಚಾದ ಜಾರುಬಂಡೆ

ಸವೇಲಿ ಕೊಂದ್ರಾತ್ಯೆವಿಚ್ ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಉದ್ದವನ್ನು ನೋಡುತ್ತಿದ್ದರು. ಅವರ ಹೆಜ್ಜೆ ಎಂದರೆ ಮುಕ್ಕಾಲು ಮೀಟರು, ಯಾರಿಗಾಗಿಯೂ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹಾಗಾಗಿ ಹೆಂಡತಿ ಜೀವಮಾನವಿಡೀ ಅವರ ಹಿಂದೆ ಓಡಿದರು. ಉಣ್ಣೆಯ ನಿಲುವಂಗಿಯ ಎದೆಜೇಬಿನಲ್ಲಿ ಮಡಿಸುವ ಅಳತೆಗೋಲು. ಅದು ತೂತು ಮಾಡಿದ ಜೇಬಿಗೆ ಹಸಿರು ದಾರದ ಹೊಲಿಗೆ.

ಕ್ಷಿಪಣಿ ಕಾರ್ಖಾನೆಯ ಗೇಟಿನಲ್ಲಿ ತಪಾಸಣೆಗೆ ನಮ್ಮ ಕಡೆಯವರು ಇವರು, ಅಮೆರಿಕದ ಕಡೆಯವನು ಹ್ಯಾಸ್ಕೆಲ್. ಒಂದು ಜಾತಿಯ ಕ್ಷಿಪಣಿಯನ್ನು ಇನ್ನು ಮಾಡುವುದಿಲ್ಲವೆಂದು ಎರಡು ದೇಶಗಳೂ ಒಪ್ಪಂದ ಮಾಡಿಕೊಂಡಿದ್ದವು. ಹದಿನಾಲ್ಕು ಮೀಟರಿಗಿಂತ ಉದ್ದವಾದದ್ದು ಏನು ಹೊರಟರೂ ಇವರು ಹೇಳಬೇಕು, ಅವನು ಒಳಗೆ ನೋಡಬೇಕು. ಕ್ಯಾಂಟೀನಿನಲ್ಲಿ ಇಬ್ಬರಿಗೂ ಊಟ ಬಡಿಸುತ್ತಿದ್ದವಳು ನಾನು.

"ದಾಖಲೆಗಾಗಿ ಹೇಳ್ತೀನಿ ಗ್ಲಾಫಿರಾ, ಸೂಪಿಗೆ ಉಪ್ಪು ಕಡಿಮೆ" ಎನ್ನುತ್ತಿದ್ದರು ಸವೇಲಿ. ದಾಖಲೆಯಿಲ್ಲದೆ ಅವರಿಗೆ ಮಾತೇ ಹೊರಡದು.

ಆ ವರ್ಷ ಮೂರು ತಿಂಗಳ ಭಾನುವಾರಗಳನ್ನು ಸವೆಸಿ, ಮೊಮ್ಮಗಳು ಉಸ್ತ್ಯಾಳ ಶಿಶುವಿಹಾರಕ್ಕೆಂದು ಕಾರ್ಖಾನೆಯ ಬಡಗಿಮನೆಯಲ್ಲಿ ಕೊಳವೆಯಂಥ ಒಂದು ಮರದ ಜಾರುಬಂಡೆ ಮಾಡಿದರು. ವರ್ಷದ ಕಡೆಯ ದಿನ, ನಾಲ್ಕು ಗಂಟೆಗೆ ಹಬ್ಬದ ಮರಕ್ಕೆ ದೀಪ ಹಚ್ಚುವ ಹೊತ್ತಿಗೆ ಅದು ಅಲ್ಲಿರಬೇಕು. ಎರಡೂವರೆಗೆ ಲಾರಿ ಗೇಟಿಗೆ ಬಂತು. ಸವೇಲಿ ಅಳತೆಗೋಲು ಬಿಚ್ಚಿದರು. ಹದಿನಾಲ್ಕು ಮೀಟರು, ಮೇಲೆ ನಾಲ್ಕು ಬೆರಳು.

"ದಾಖಲೆಗಾಗಿ ಹೇಳ್ತೀನಿ, ಇದನ್ನ ತಪಾಸಣೆ ಮಾಡ್ಬೇಕು."

"ಅಯ್ಯೋ ಸವೇಲಿ, ಅದು ಹಲಗೆ ಕಣಯ್ಯಾ. ತಗೊಂಡು ಹೋಗು" ಎಂದ ಹ್ಯಾಸ್ಕೆಲ್.

"ತುದಿ ಕೊಯ್ದುಬಿಡಿ, ಮಕ್ಕಳು ಹಿಮದಲ್ಲಿ ಕಾಯ್ತಿದಾವೆ" ಎಂದೆ ನಾನು.

"ಕೊಯ್ದರೆ ವೇಗ ತಗ್ಗಿಸೋ ತುದಿಯೇ ಇರಲ್ಲ, ಮಕ್ಕಳ ಗದ್ದ ನೆಲಕ್ಕೆ ಬಡಿಯುತ್ತೆ. ಇವತ್ತು ನನ್ನ ಮೊಮ್ಮಗಳದು ಅಂತ ಬಿಟ್ಟರೆ, ನಾಳೆ ಇನ್ಯಾರದೋ ಮೊಮ್ಮಗಳ ಹೆಸರಲ್ಲಿ ಏನು ಹೋಗುತ್ತೋ. ನೋಡಯ್ಯಾ ಒಳಗೆ."

ನಡುವೆ ತಿರುವಿದ್ದುದರಿಂದ ಟಾರ್ಚಿನ ಬೆಳಕು ಆ ಕಡೆಗೆ ಹಾಯಲಿಲ್ಲ. ಹ್ಯಾಸ್ಕೆಲ್, ನನ್ನ ಅಡುಗೆಯಿಂದ ಎರಡು ವರ್ಷದಲ್ಲಿ ಚೆನ್ನಾಗಿ ಮೈ ತುಂಬಿಕೊಂಡಿದ್ದವನು, ಲಾರಿ ಹತ್ತಿ ಅದರೊಳಗೆ ತೆವಳಿದ. ಸ್ವಲ್ಪ ಹೊತ್ತಿನಲ್ಲಿ ತೆವಳುವ ಸದ್ದು ತಿರುವಿನಲ್ಲಿ ನಿಂತಿತು.

ಸವೇಲಿ ಹಲಗೆಯನ್ನು ತಟ್ಟಿದರು. "ದಾಖಲೆಗಾಗಿ ಕೇಳ್ತೀನಿ, ಒಳಗೇನಿದೆ?"

"ನಾನಿದೀನಿ."

"ಕ್ಷಿಪಣಿ?"

"ಅದಕ್ಕೆ ಜಾಗ ಎಲ್ಲಿದೆ? ನನ್ನನ್ನ ಹೊರಗೆ ತೆಗೀರಿ ಮೊದಲು."

ಗಂಟೆ ಮೂರು ದಾಟಿತ್ತು. ಸವೇಲಿ ನಿಲುವಂಗಿ ಕಳಚಿ ನನ್ನ ಕೈಗೆ ಕೊಟ್ಟು, ತಾವೇ ಹಿಂದಿನಿಂದ ನುಗ್ಗಿ, ತಲೆಯಿಂದ ಗುದ್ದಿ ಗುದ್ದಿ ನೂಕಿದರು. ಆ ತುದಿಯಿಂದ ಮೊದಲು ಅಮೆರಿಕ, ಅದರ ಬೆನ್ನಿಗೆ ನಮ್ಮ ದೇಶ, ಹಿಮದ ರಾಶಿಗೆ ದೊಪ್ಪೆಂದು ಬಿದ್ದವು. ಬಿದ್ದಲ್ಲೇ ಕೂತು ಇಬ್ಬರೂ ದಾಖಲೆಗೆ ಸಹಿ ಹಾಕಿದರು: ಒಳಗೆ ಆಕ್ಷೇಪಾರ್ಹವಾದುದು ಯಾವುದೂ ಇಲ್ಲ. ನಾಲ್ಕಕ್ಕೆ ಐದು ನಿಮಿಷವಿರುವಾಗ ಲಾರಿ ಶಿಶುವಿಹಾರ ಮುಟ್ಟಿತು.

ದೊಡ್ಡವರು ಕೈಕುಲುಕಿ ವಿಮಾನ ಹತ್ತಿ ಹೋಗುತ್ತಾರೆ. ಅವರಾಡಿದ ಮಾತನ್ನು ಚಳಿಯಲ್ಲಿ ನಿಂತು, ಬೈಸಿಕೊಂಡು, ದಿನದಿನವೂ ನಿಜ ಮಾಡುವವರು ಈ ಕಿರಿಕಿರಿಯ ಜನ. ಎದುರಾಳಿಯನ್ನು ಸಂಶಯಿಸುವುದು ಯಾರಿಗಾದರೂ ಬರುತ್ತದೆ, ತನ್ನನ್ನೂ ಅಷ್ಟೇ ಸಂಶಯಿಸುವವರು ವಿರಳ. ಇಂಥವರ ಜೊತೆ ಸಂಸಾರ ಮಾಡುವುದು ಕಷ್ಟ. ಇಂಥವರು ಕಾಯುವ ಊರಿನಲ್ಲಿ ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ.